ಸುಖವೋ, ಸಾರ್ಥಕತೆಯೋ?

ಮನುಷ್ಯನು ಸುಖವನ್ನು ಬಯಸುತ್ತಾನೆಂಬುದರಲ್ಲಿ ವಿವಾದವಿಲ್ಲ. ಆದರೆ ಬಯಸಿದ ಸುಖವು ಕೈಸೇರಿದ ಬಳಿಕವೂ 'ನಾನು ಹುಟ್ಟಿದ್ದು ಇಷ್ಟಕ್ಕೇ ಏನು?' ಎಂಬ ಪ್ರಶ್ನೆಯು ಮನಸ್ಸಿನಲ್ಲಿ ಏಳುವುದೇಕೆ? ಮಣಿಕೊಂಡದಂತಹ ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಸಾಧಕ ಬಂಧುಗಳಿಗೆ ಈ ಪ್ರಶ್ನೆಯು ಅಪರಿಚಿತವಾಗಿರಲಾರದು. ಕಲಬುರಗಿ, ರಾಯಚೂರು, ಬಳ್ಳಾರಿಗಳಿಂದ ಉದ್ಯೋಗನಿಮಿತ್ತವಾಗಿ ಹೈದರಾಬಾದಿಗೆ ಬಂದು, ಬಹುಮಹಡಿ ಕಟ್ಟಡದಲ್ಲಿ ಸ್ವಂತ ಮನೆಯನ್ನು ಕೊಂಡು, ಮಕ್ಕಳನ್ನು ಒಳ್ಳೆಯ ಶಾಲೆಗೆ ಸೇರಿಸಿದವರನ್ನು ಊರಿನ ಹಿರಿಯರು 'ಸುಖವಾಗಿದ್ದೀರಷ್ಟೆ?' ಎಂದು ಕೇಳುತ್ತಾರೆ. 'ಹೌದು' ಎಂಬ ಉತ್ತರವು ಸುಳ್ಳೇನೂ ಅಲ್ಲ. ಆದರೂ ಅದು ಪೂರ್ಣವಾದ ಉತ್ತರವಲ್ಲವೆಂಬುದು ಹೇಳಿದವರಿಗೇ ತಿಳಿದಿರುತ್ತದೆ.

ಈ ಕೊರತೆಯ ಮೂಲವನ್ನು ಕಠೋಪನಿಷತ್ತು ಬಿಡಿಸಿ ತೋರಿಸಿದೆ. ಮನುಷ್ಯನ ಮುಂದೆ ಶ್ರೇಯಸ್ಸು, ಪ್ರೇಯಸ್ಸು ಎಂಬ ಎರಡೂ ಬಂದು ನಿಲ್ಲುತ್ತವೆ. ವಿವೇಕಿಯು ಅವೆರಡನ್ನೂ ಪರೀಕ್ಷಿಸಿ ಶ್ರೇಯಸ್ಸನ್ನು ಆರಿಸಿಕೊಳ್ಳುತ್ತಾನೆ. ಮಂದಮತಿಯು ಯೋಗಕ್ಷೇಮದ ಆಸೆಯಿಂದ ಪ್ರೇಯಸ್ಸಿಗೆ ಕೈಚಾಚುತ್ತಾನೆ. ಬಾಲಕ ನಚಿಕೇತನಿಗೆ ಯಮನು ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಆನೆ ಕುದುರೆ, ಹೊನ್ನು, ವಿಶಾಲವಾದ ಭೂಮಿ, ಬೇಕೆನಿಸಿದಷ್ಟು ಆಯುಷ್ಯ ಎಲ್ಲವನ್ನೂ ಕೊಡುವೆನೆಂದನು. ಇವೆಲ್ಲ ನಾಳೆ ಉಳಿಯದವು, ಇಂದ್ರಿಯಗಳ ತೇಜಸ್ಸನ್ನು ಸವೆಸುವಂಥವು ಎಂದು ಬಾಲಕನು ಅವನ್ನು ನಿರಾಕರಿಸಿ, ತಾನು ತಿಳಿಯಬಂದ ತತ್ತ್ವವೊಂದನ್ನೇ ಬೇಡಿದನು.

ಇಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಅಂಶವೊಂದಿದೆ. ತತ್ತ್ವಜ್ಞಾನವು ನಚಿಕೇತನ ಮೂರನೆಯ ವರ. ಅವನು ಮೊದಲು ಬೇಡಿದ್ದು ತನ್ನ ತಂದೆಯ ಮನಶ್ಶಾಂತಿಯನ್ನು. ಕೋಪದಿಂದ ತನ್ನನ್ನು ಮೃತ್ಯುವಿಗೆ ಕೊಟ್ಟ ತಂದೆಯು ಚಿಂತೆಯನ್ನು ಬಿಟ್ಟು, ಪ್ರಸನ್ನನಾಗಿ, ಹಿಂದಿರುಗಿದ ಮಗನನ್ನು ಗುರುತಿಸಿ ಮಾತನಾಡಿಸಲಿ ಎಂಬುದೇ ಪ್ರಥಮ ವರ. ಎರಡನೆಯದು ಸ್ವರ್ಗಸಾಧನವಾದ ಅಗ್ನಿವಿದ್ಯೆ. ಮಹತ್ತಾದ ಗುರಿಯುಳ್ಳವನು ಮನೆಯವರ ನೋವನ್ನು ತುಳಿದು ಹೋಗಬೇಕಿಲ್ಲವೆಂದೂ, ಆ ಋಣವನ್ನು ಮೊದಲು ನೆನೆಯಬೇಕೆಂದೂ ಈ ಕ್ರಮವು ನಮಗೆ ಕಲಿಸುತ್ತದೆ.

ಇನ್ನು ಲೌಕಿಕವಾದ ನಿದರ್ಶನವೊಂದನ್ನು ನೋಡೋಣ. ಅದಕ್ಕಾಗಿ ಮಣಿಕೊಂಡದವರು ದೂರ ಹೋಗಬೇಕಾದುದಿಲ್ಲ. ಅಲ್ಲಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ, ಮೂಸಿ ನದಿಗೆ ಕಟ್ಟಿದ ಉಸ್ಮಾನ್ ಸಾಗರವಿದೆ. ಜನರು ಅದನ್ನು ಗಂಡಿಪೇಟೆ ಕೆರೆಯೆಂದು ಕರೆಯುತ್ತಾರೆ. ಅನೇಕರಿಗೆ ಅದು ಭಾನುವಾರದ ವಿಹಾರಸ್ಥಳ. ಅದರ ಹಿಂದೆ ಕನ್ನಡಿಗರೊಬ್ಬರ ಜೀವನದ ನಿರ್ಣಯವೊಂದು ಅಡಗಿದೆಯೆಂಬುದನ್ನು ಬಲ್ಲವರು ವಿರಳ.

೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿಯು ಉಕ್ಕಿ ಹರಿದು ಹೈದರಾಬಾದಿನಲ್ಲಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಅಫ್ಜಲ್‌ಗಂಜಿನ ಹುಣಿಸೆ ಮರವೊಂದನ್ನು ಏರಿ ಸುಮಾರು ನೂರೈವತ್ತು ಮಂದಿ ಬದುಕಿಕೊಂಡರೆಂದು ಊರಿನವರು ಇಂದಿಗೂ ಆ ಮರವನ್ನು ತೋರಿಸುತ್ತಾರೆ. ಅದೇ ವರ್ಷ, ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಿಂದ ಸ್ವಯಂ ನಿವೃತ್ತರಾಗಿದ್ದರು. ೧೮೮೪ರಲ್ಲಿ ಆ ಸೇವೆಯನ್ನು ಸೇರಿದ್ದ ಅವರಿಗೆ ಆಗ ಐವತ್ತು ತುಂಬಿರಲಿಲ್ಲ. ನಿವೃತ್ತಿವೇತನವಿತ್ತು, ಕೀರ್ತಿಯಿತ್ತು, ವಿಶ್ರಾಂತಿಯಿಂದ ಕಾಲ ಕಳೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರಾದರೋ ಪರದೇಶಗಳ ಕೈಗಾರಿಕೆ ಹಾಗೂ ನಿರ್ಮಾಣಕಾರ್ಯಗಳನ್ನು ಅಭ್ಯಸಿಸಲು ಪ್ರವಾಸ ಹೊರಟರು. ಆ ಪ್ರವಾಸದಲ್ಲಿದ್ದಾಗಲೇ ನಿಜಾಮ ಸರ್ಕಾರದ ಕರೆ ಬಂದಿತು.

೧೯೦೯ರಲ್ಲಿ ಹೈದರಾಬಾದಿಗೆ ಬಂದ ಅವರು, ನದಿಯ ದಡವನ್ನು ಎತ್ತರಿಸುವುದರಲ್ಲಿಯೇ ಪರಿಹಾರವನ್ನು ಕಾಣಲಿಲ್ಲ. ಜಲಾನಯನ ಪ್ರದೇಶವನ್ನೆಲ್ಲ ಪರಿಶೀಲಿಸಿ, ಮೇಲ್ಭಾಗದ ನೂರಾರು ಕೆರೆಗಳ ಪೈಕಿ ಬಹಳಷ್ಟು ಸರಪಳಿಯಂತೆ ಒಡೆದುದು ಪ್ರವಾಹವನ್ನು ಭೀಕರಗೊಳಿಸಿತೆಂದು ಗುರುತಿಸಿದರು. ನಗರದ ಮೇಲ್ಭಾಗದಲ್ಲಿ ಮೂಸಿ ಹಾಗೂ ಅದರ ಉಪನದಿ ಈಸಿಗಳಿಗೆ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಹಿಡಿಯಬೇಕೆಂದು ಸೂಚಿಸಿದರು. ಉಸ್ಮಾನ್ ಸಾಗರವು ೧೯೨೦ರಲ್ಲಿ, ಹಿಮಾಯತ್ ಸಾಗರವು ೧೯೨೭ರಲ್ಲಿ ಪೂರ್ಣಗೊಂಡವು. ಅಷ್ಟರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರರಾಗಿ, ದಿವಾನರಾಗಿ, ಆ ಪದವಿಯನ್ನೂ ಬಿಟ್ಟಾಗಿತ್ತು. ಆ ನೀರನ್ನು ಕುಡಿದ ಲಕ್ಷಾಂತರ ಜನರು ಅವರನ್ನು ಕಂಡವರಲ್ಲ. ತಾನು ಬಿತ್ತಿದುದರ ಫಲವನ್ನು ಮತ್ತೊಬ್ಬರು ಉಣ್ಣಲೆಂದು ದುಡಿಯುವ ಬಾಳಿಗೆ ಸಾರ್ಥಕತೆಯೆಂಬ ಹೆಸರು ಸಲ್ಲುತ್ತದೆ.

ಹಾಗಾದರೆ ಸುಖವು ತ್ಯಾಜ್ಯವೇ? ಶ್ರೀಮದಾಚಾರ್ಯರ ಸಿದ್ಧಾಂತವು ಹಾಗೆ ಹೇಳುವುದಿಲ್ಲ. ಜೀವನು ಸ್ವರೂಪತಃ ಆನಂದವುಳ್ಳವನು. ಮುಕ್ತಿಯೆಂದರೆ ಭಗವತ್ಪ್ರಸಾದದಿಂದ ಆ ಸ್ವರೂಪಾನಂದದ ಅಭಿವ್ಯಕ್ತಿ. ಒಬ್ಬೊಬ್ಬ ಜೀವನ ಯೋಗ್ಯತೆಯೂ ಬೇರೆ, ಆನಂದವೂ ಬೇರೆ. ಆದುದರಿಂದ ನೆರೆಮನೆಯವರ ಸುಖವನ್ನು ಅಳತೆಗೋಲಾಗಿಟ್ಟುಕೊಂಡು ನಮ್ಮ ಬಾಳನ್ನು ಅಳೆಯುವುದು ಶಾಸ್ತ್ರಸಮ್ಮತವಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯವು ಸುಖದಲ್ಲಿಯೂ ಮೂರು ವಿಧಗಳನ್ನು ಹೇಳಿದೆ. ಆರಂಭದಲ್ಲಿ ವಿಷದಂತಿದ್ದು ಪರಿಣಾಮದಲ್ಲಿ ಅಮೃತವಾಗುವುದು ಸಾತ್ತ್ವಿಕ. ಆರಂಭದಲ್ಲಿ ಅಮೃತದಂತಿದ್ದು ಕೊನೆಗೆ ವಿಷವಾಗುವುದು ರಾಜಸ. ನಿದ್ರೆ, ಆಲಸ್ಯ, ಪ್ರಮಾದಗಳಿಂದ ಹುಟ್ಟಿ ಮೊದಲಿಂದ ಕೊನೆಯವರೆಗೂ ಮೋಹಗೊಳಿಸುವುದು ತಾಮಸ. ನಾಜಿಗಳ ಸೆರೆಶಿಬಿರಗಳಿಂದ ೧೯೪೫ರಲ್ಲಿ ಬಿಡುಗಡೆಹೊಂದಿದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಎಂಬವರೂ, ಸುಖವನ್ನು ನೇರವಾಗಿ ಬೆನ್ನಟ್ಟಿದರೆ ಅದು ದಕ್ಕದು, ಅರ್ಥವುಳ್ಳ ಕಾರ್ಯದ ಹಿಂದೆಯೇ ಅದು ತಾನಾಗಿ ಬರುತ್ತದೆ ಎಂದು ಪ್ರತಿಪಾದಿಸಿದರು.

ಇಲ್ಲಿ ಎಚ್ಚರಿಕೆಯೂ ಅವಶ್ಯಕ. ಮನಸ್ಸಿನಲ್ಲಿ ಮೂಡಿದ ಕನಸೆಲ್ಲವೂ ಶ್ರೇಯಸ್ಸಲ್ಲ. ವೇದಾಭ್ಯಾಸಕ್ಕೆಂದೋ, ಊರಿನಲ್ಲಿ ಪಾಠಶಾಲೆ ತೆರೆಯಲೆಂದೋ ಉದ್ಯೋಗವನ್ನು ಬಿಡಬಯಸುವ ಯುವಕನು ಮೂರು ವಿಷಯಗಳನ್ನು ವಿಚಾರಿಸಬೇಕು. ಮೊದಲನೆಯದಾಗಿ, ಆ ಕಾರ್ಯದ ಪ್ರಾರಂಭದ ಕಹಿಯನ್ನು ಉಣ್ಣಲು ತಾನು ಸಿದ್ಧನೇ, ಅಥವಾ ಅದರ ಕೀರ್ತಿಯನ್ನು ಮಾತ್ರ ಕನಸಿನಲ್ಲಿ ಕಾಣುತ್ತಿರುವನೇ? ಎರಡನೆಯದಾಗಿ, ಯಾರೂ ಹೊಗಳದಿದ್ದರೂ ಅದನ್ನು ನಡೆಸಬಲ್ಲನೇ? ಮೂರನೆಯದಾಗಿ, ತನ್ನನ್ನೇ ನೆಚ್ಚಿದ ತಾಯಿತಂದೆ, ಪತ್ನಿ, ಮಕ್ಕಳ ವಿಷಯದಲ್ಲಿ ಪ್ರಥಮ ವರವನ್ನು ಬೇಡಿರುವನೇ? ಗೃಹಸ್ಥನಿಗೆ ಮನೆಯ ಸಾಲವನ್ನು ತೀರಿಸುವುದೂ ಧರ್ಮವೇ. ಅದನ್ನು ಭಗವತ್ಪೂಜೆಯೆಂದು ಮಾಡಿದರೆ ಅದೂ ಸಾಧನೆಯೇ. ಆದರೆ ಸಾಲದ ಹೆಸರಿನಲ್ಲಿ ಜೀವನದ ಗುರಿಯನ್ನೇ ನಾಳೆಗೆ, ನಾಡಿದ್ದಿಗೆ ಮುಂದೂಡುತ್ತ ಹೋಗುವುದು ಮಾತ್ರ ಆತ್ಮವಂಚನೆ.

ಹಾಗೆಯೇ ಹಿರಿಯರಿಗೂ ಒಂದು ಮಾತು. ಮಕ್ಕಳನ್ನು 'ಸಂಬಳವೆಷ್ಟು?' ಎಂದು ವಿಚಾರಿಸುವಂತೆಯೇ 'ಯಾವುದಕ್ಕಾಗಿ ದುಡಿಯುತ್ತಿರುವೆಯಪ್ಪಾ?' ಎಂದೂ ಒಮ್ಮೆ ಕೇಳಬೇಕು. ಉತ್ತರ ತಡವಾದರೂ ಕಾಯಬೇಕು.

ಮನನಕ್ಕೆ:
೧. ನಚಿಕೇತನ ಮೂರು ವರಗಳ ಕ್ರಮದಿಂದ ಗೃಹಸ್ಥನು ತಿಳಿಯಬೇಕಾದುದೇನು?
೨. ಕಳೆದ ಒಂದು ವಾರದಲ್ಲಿ ನಾವು ಪಡೆದ ಸುಖಗಳಲ್ಲಿ ಸಾತ್ತ್ವಿಕವಾದುದು ಯಾವುದು?
೩. ನಮ್ಮ ಕಾಲಾನಂತರವೂ ಇತರರಿಗೆ ಉಪಯುಕ್ತವಾಗುವ ಯಾವ ಕಾರ್ಯವನ್ನು, ಎಷ್ಟೇ ಚಿಕ್ಕದಾಗಿರಲಿ, ಈ ತಿಂಗಳು ಆರಂಭಿಸಬಲ್ಲೆವು?

ಶ್ರೀಕೃಷ್ಣಾರ್ಪಣಮಸ್ತು