ರಿಯಾದಿನಲ್ಲಿ ಹೊತ್ತುಗೊತ್ತು ನೋಡಿ ನಡೆ

ನೀನು ಮೊನ್ನೆ ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೌದು, ರಿಯಾದಿನಲ್ಲಿ ಹೆಣ್ಣುಮಕ್ಕಳು ಹೊರಗೆ ಓಡಬಹುದು, ಓಡುತ್ತಾರೆ ಕೂಡ. ನಿನ್ನ ಅಮ್ಮ ಹೆದರಿಸುತ್ತಿರುವುದು ನಾನು ಅಲ್ಲಿ ಸಂಸಾರ ಹೂಡಿದ ಕಾಲದ ಸೌದಿಯನ್ನು ನೆನೆದು. ಆ ಕಥೆಗಳನ್ನೆಲ್ಲ ಅವಳ ಕಿವಿಗೆ ತುಂಬಿದವಳು ನಾನೇ. ಈಗಿನ ಊರೇ ಬೇರೆ. ಆದರೂ ಲಾಲ್‌ಬಾಗಿಗೆ ಹೊರಟಷ್ಟು ಸಲೀಸಾಗಿ ಬೂಟು ಕಟ್ಟಿಕೊಂಡು ಹೊರಟುಬಿಡುವ ಊರಲ್ಲ ಅದು. ಅಲ್ಲಿನ ಹೊತ್ತುಗೊತ್ತು ಕಲಿಯಬೇಕು.

ನಿನಗೆ ಧರ್ಮ, ಕಾನೂನು, ಬಿಸಿಲು ಇವುಗಳದ್ದೇ ಚಿಂತೆ. ನನಗಿರುವ ಚಿಂತೆ ಏಸಿಯದು. ಮನೆಯಲ್ಲಿ ಏಸಿ, ಕಾರಿನಲ್ಲಿ ಏಸಿ, ಆಫೀಸಿನಲ್ಲಿ ಏಸಿ, ಸಂಜೆಯಾದರೆ ಮಾಲ್‌ನಲ್ಲಿ ಏಸಿ. ಒಂದು ತಂಪಿನಿಂದ ಇನ್ನೊಂದು ತಂಪಿಗೆ ದಾಟುವಾಗ ಹತ್ತು ಹೆಜ್ಜೆ ಬಿಸಿಲು, ಅಷ್ಟೇ. ಹೋದ ಮೊದಲ ವರ್ಷ ಇದು ಸೆರೆವಾಸ ಅನ್ನಿಸುತ್ತದೆ, ಮೂರನೆಯ ವರ್ಷದ ಹೊತ್ತಿಗೆ ಸುಖ ಅನ್ನಿಸತೊಡಗುತ್ತದೆ. ಅಲ್ಲೇ ಇರುವುದು ಅಪಾಯ. ವರ್ಷವಿಡೀ ಸೂರ್ಯ ಉರಿಯುವ ದೇಶದಲ್ಲಿ ಡಿ ಜೀವಸತ್ವದ ಕೊರತೆ ಮನೆಮನೆಯ ಮಾತು. ನಮ್ಮವರ ಮಂಡಿನೋವು, ಸಕ್ಕರೆ ಕಾಯಿಲೆ, ಬೊಜ್ಜಿಗೆಲ್ಲ ಮರುಭೂಮಿಯ ಮೇಲೆ ಆಪಾದನೆ ಹೊರಿಸುತ್ತಾರೆ. ಮರುಭೂಮಿ ಪಾಪ, ಅದನ್ನು ಕಂಡವರು ಯಾರು? ಕಂಡದ್ದು ಕಾರಿನ ಗಾಜಿನಿಂದ.

ನಿನ್ನ ಪಂಚಾಂಗವನ್ನು ತಿರುಗಿಸಿಕೋ. ಅಲ್ಲಿ ಮೈ ಬಗ್ಗಿಸುವ ವರ್ಷ ಅಕ್ಟೋಬರ್ ಕೊನೆಗೆ ಶುರುವಾಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಡಿಸೆಂಬರ್, ಜನವರಿಯ ಹಗಲು ಇಪ್ಪತ್ತು ಡಿಗ್ರಿಯ ಆಸುಪಾಸು, ರಾತ್ರಿ ಹತ್ತಕ್ಕಿಂತ ಕೆಳಗೂ ಇಳಿಯುತ್ತದೆ, ಸ್ವೆಟರ್ ಬೇಕೇ ಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ನಲವತ್ತಮೂರು, ನಲವತ್ತೈದು. ಆ ದೇಶದ ಸರ್ಕಾರವೇ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಕೂಲಿಕಾರರಿಂದ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ನಿಯಮ ಮಾಡಿದೆ. ಸಂಬಳಕ್ಕೆ ದುಡಿಯುವವನನ್ನೇ ನೆರಳಿಗೆ ಕಳಿಸುವ ಹೊತ್ತಿನಲ್ಲಿ ಹವ್ಯಾಸಕ್ಕೆ ಓಡುವ ನೀನು ಹಟ ಹಿಡಿಯಬೇಡ. ಬೇಸಿಗೆಯಲ್ಲಿ ನಿನಗೆ ಉಳಿಯುವುದು ಎರಡೇ ಹೊತ್ತು: ಫಜ್ರ್ ಪ್ರಾರ್ಥನೆ ಮುಗಿದು ಸೂರ್ಯ ಏರುವ ಮುನ್ನ, ಇಲ್ಲವೇ ರಾತ್ರಿಯ ಇಶಾ ಪ್ರಾರ್ಥನೆ ಆದಮೇಲೆ. ಇಡೀ ಊರು ರಾತ್ರಿ ಹತ್ತಕ್ಕೆ ಮಕ್ಕಳನ್ನು ಪಾರ್ಕಿಗೆ ಕರೆತರುವುದನ್ನು ಕಂಡು ಮೊದಮೊದಲು ಗಾಬರಿಯಾಗುತ್ತೀ. ಅವರು ಸೋಮಾರಿಗಳಲ್ಲ, ಅವರ ಸಂಜೆ ಅದೇ.

ಸೆಕೆಯ ವಿಷಯದಲ್ಲಿ ನಮ್ಮ ಕರಾವಳಿಯ ಅನುಭವ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ದಾರಿ ತಪ್ಪಿಸುತ್ತದೆ. ಮಂಗಳೂರಿನಲ್ಲಿ ಬೆವರು ಮೈಗೆ ಅಂಟಿ ಎಚ್ಚರಿಸುತ್ತದೆ. ರಿಯಾದಿನ ಒಣಹವೆಯಲ್ಲಿ ಬೆವರು ಬಂದದ್ದೇ ತಿಳಿಯದು, ಬಂದ ಕ್ಷಣಕ್ಕೇ ಆರಿಹೋಗಿರುತ್ತದೆ. ಮೈ ಒಣಗಿದೆ, ದಣಿವಿಲ್ಲ ಎಂದುಕೊಂಡು ಓಡುತ್ತಲೇ ಇರುತ್ತೀ. ನೀರು ಮಾತ್ರ ಖಾಲಿಯಾಗುತ್ತಿರುತ್ತದೆ. ಬಾಯಾರಿಕೆಗೆ ಕಾಯಬೇಡ, ಮೂತ್ರದ ಬಣ್ಣ ನೋಡು. ಗಾಢ ಹಳದಿಯಾದರೆ ಅವತ್ತು ಓಟ ಬೇಡ. ಬರೀ ನೀರು ಕುಡಿದರೂ ಸಾಲದು, ಉಪ್ಪೂ ಹೋಗಿರುತ್ತದೆ. ಉಪ್ಪು ಹಾಕಿದ ಮಜ್ಜಿಗೆಗೆ ಸಮನಾದ ಪೇಯ ಅಲ್ಲಿನ ಅಂಗಡಿಯಲ್ಲಿ ನನಗೆ ಸಿಕ್ಕಿಲ್ಲ. ಅವರ ಲಬನ್ ಹತ್ತಿರ ಬರುತ್ತದೆ, ಅದಕ್ಕೆ ನೀರು, ಉಪ್ಪು ನೀನೇ ಬೆರೆಸಿಕೊಳ್ಳಬೇಕು. ಮೈ ಆ ಬಿಸಿಗೆ ಹೊಂದಿಕೊಳ್ಳಲು ಒಂದೆರಡು ವಾರ ಹಿಡಿಯುತ್ತದೆ. ರಜೆಗೆ ಊರಿಗೆ ಬಂದು ಮಳೆಯಲ್ಲಿ ನೆನೆದು ಹಿಂತಿರುಗಿದಾಗ ಆ ಹೊಂದಾಣಿಕೆ ಹೋಗಿರುತ್ತದೆ, ಮತ್ತೆ ಮೊದಲಿನಿಂದ ನಿಧಾನವಾಗಿ ಶುರುಮಾಡು. ಆಗಸ್ಟಿನಲ್ಲಿ ಊರಿಂದ ಹಿಂತಿರುಗಿದ ವಾರವೇ ಹಳೆಯ ವೇಗದಲ್ಲಿ ಓಡಿ ತಲೆತಿರುಗಿ ಬಿದ್ದವರನ್ನು ನೋಡಿದ್ದೇನೆ.

ಇನ್ನು ಉಡುಪು. 2019ರಲ್ಲಿ ಪ್ರವಾಸಿ ವೀಸಾ ಶುರುಮಾಡಿದಾಗ ವಿದೇಶಿ ಹೆಂಗಸರಿಗೆ ಅಬಾಯಾ ಎಂಬ ನಿಲುವಂಗಿ ಕಡ್ಡಾಯವಲ್ಲ, ಮೈ ಮುಚ್ಚುವ ಸಡಿಲ ಬಟ್ಟೆ ಸಾಕು ಎಂದರು. ಅದೇ ವರ್ಷ ಸಾರ್ವಜನಿಕ ಸಭ್ಯತೆಯ ನಿಯಮಗಳೂ ಬಂದವು. ಅಸಭ್ಯ ಉಡುಪಿಗೆ, ಪ್ರಾರ್ಥನೆಯ ಹೊತ್ತಿನಲ್ಲಿ ಜೋರು ಸಂಗೀತಕ್ಕೆ, ಕಸ ಎಸೆಯುವುದಕ್ಕೆ, ಅನುಮತಿಯಿಲ್ಲದೆ ಇನ್ನೊಬ್ಬರ ಫೋಟೋ ತೆಗೆಯುವುದಕ್ಕೆಲ್ಲ ದಂಡವಿದೆ. ನೀನು ಉದ್ದ ತೋಳಿನ, ತೊಡೆ ಮುಚ್ಚುವಷ್ಟು ಉದ್ದದ ಸಡಿಲ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್ ಹಾಕಿಕೋ. ಇದನ್ನು ಶರಣಾಗತಿ ಎಂದು ತಿಳಿದು ಮುಖ ಉಬ್ಬಿಸಬೇಡ. ಆ ಬಿಸಿಲಿನಲ್ಲಿ ತಲೆಮಾರುಗಳಿಂದ ಬದುಕಿದ ಗಂಡಸರೂ ಹಿಮ್ಮಡಿ ಮುಟ್ಟುವ ಬಿಳಿ ಥೋಬ್ ತೊಟ್ಟು ತಲೆಗೆ ಬಟ್ಟೆ ಸುತ್ತುತ್ತಾರೆ. ತೋಳಿಲ್ಲದ ಬನಿಯನ್ನಿನಲ್ಲಿ ಓಡಿ ಚರ್ಮ ಸುಟ್ಟುಕೊಳ್ಳುವವರು ನಮ್ಮಂಥ ಹೊಸಬರೇ. ಜಿಪ್ ಇರುವ, ಕಾಲಿಗೆ ತೊಡರದ ಸ್ಪೋರ್ಟ್ಸ್ ಅಬಾಯಾಗಳೂ ಸಿಗುತ್ತವೆ. ಹಳೆಯ ಬಡಾವಣೆಗಳಲ್ಲಿ ಅದೇ ಹೆಚ್ಚು ನೆಮ್ಮದಿ: ಯಾರೂ ತಿರುಗಿ ನೋಡುವುದಿಲ್ಲ.

ಎಷ್ಟು ಬದಲಾಗಿದೆ ಎಂದು ತಿಳಿಯಬೇಕಾದರೆ ಹೋಗುವ ಮುನ್ನ ಹೈಫಾ ಅಲ್ ಮನ್ಸೂರ್ ಅವರ ‘ವಜ್ದಾ’ ಸಿನಿಮಾ ನೋಡು. 2012ರದು. ರಿಯಾದಿನ ಹುಡುಗಿಯೊಬ್ಬಳಿಗೆ ಸೈಕಲ್ ಬೇಕು, ಅಷ್ಟೇ ಕಥೆ. ಬೀದಿಯಲ್ಲಿ ಗಂಡಸರ ಜೊತೆ ನಿಂತು ನಿರ್ದೇಶಿಸುವ ಹಾಗಿರಲಿಲ್ಲವೆಂದು ನಿರ್ದೇಶಕಿ ವ್ಯಾನಿನೊಳಗೆ ಕೂತು ವಾಕಿಟಾಕಿಯಲ್ಲಿ ಸೂಚನೆ ಕೊಟ್ಟರಂತೆ. ಮರುವರ್ಷ ಹೆಂಗಸರು ಪಾರ್ಕಿನಲ್ಲಿ ಸೈಕಲ್ ತುಳಿಯಬಹುದು ಎಂಬ ಸುದ್ದಿ ಬಂತು, ಅದೂ ಮೈತುಂಬ ಬಟ್ಟೆ ತೊಟ್ಟು, ಮನೆಯ ಗಂಡಸು ಜೊತೆಗಿದ್ದರೆ. 2016ರಲ್ಲಿ ಮುತವ್ವಾ ಎಂಬ ಧಾರ್ಮಿಕ ಪೊಲೀಸರ ಬಂಧಿಸುವ ಅಧಿಕಾರ ಹೋಯಿತು. 2018ರ ಜೂನ್‌ನಲ್ಲಿ ಹೆಂಗಸರು ಕಾರು ಓಡಿಸಿದರು. ಅದೇ ವರ್ಷದ ಆರಂಭದಲ್ಲಿ ರಿಯಾದಿನಲ್ಲಿ ನಡೆದ ಅರ್ಧ ಮ್ಯಾರಥಾನ್ ಗಂಡಸರಿಗೆ ಮಾತ್ರವಿತ್ತು. ಈಗ ರಿಯಾದ್ ಮ್ಯಾರಥಾನ್‌ನಲ್ಲಿ ಎಲ್ಲರೂ ಓಡುತ್ತಾರೆ. ನಾವು ಕಪ್ಪು ಅಬಾಯಾದಡಿ ಬೂಟು ತೊಟ್ಟು, ಗಂಡಂದಿರನ್ನು ಪಕ್ಕದಲ್ಲಿ ಇರಿಸಿಕೊಂಡು, ಮನೆಯ ಸುತ್ತಲಿನ ಬೀದಿಯನ್ನೇ ಸುತ್ತಿ ಬಂದವರು. ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚಾಗುವುದಿಲ್ಲ ಎಂದರೆ ಸುಳ್ಳು.

ಕಾನೂನು ಬದಲಾದಷ್ಟು ಬೇಗ ಬೀದಿ ಬದಲಾಗುವುದಿಲ್ಲ ಎಂಬುದನ್ನೂ ನೆನಪಿಡು. ಒಂಟಿಯಾಗಿ ಖಾಲಿ ರಸ್ತೆಯಲ್ಲಿ ಓಡಿದರೆ ಕಾರುಗಳು ನಿಧಾನವಾಗುತ್ತವೆ, ಹಾರ್ನ್ ಹೊಡೆಯುತ್ತವೆ. ಜನ ನಡೆಯುವ ಕಡೆಗೇ ಹೋಗು. ಡಿಪ್ಲೊಮ್ಯಾಟಿಕ್ ಕ್ವಾರ್ಟರಿನ ಸುತ್ತ ಕಣಿವೆಯಂಚಿಗೆ ಹೊಂದಿಕೊಂಡ ನಡಿಗೆ ದಾರಿ ಇದೆ, ವಿದೇಶಿಯರಿಗೆ ಅದು ಹಳೆಯ ಪರಿಚಯ. 135 ಕಿಲೋಮೀಟರ್ ಉದ್ದದ ಸ್ಪೋರ್ಟ್ಸ್ ಬುಲೆವಾರ್ಡ್ ಎಂಬ ಯೋಜನೆಯ ಮೊದಲ ಭಾಗ 2025ರಲ್ಲಿ ತೆರೆದಿದೆ. ಓಡಲು, ಸೈಕಲ್ ತುಳಿಯಲು ಬೇರೆಬೇರೆ ಪಟ್ಟಿಗಳು. ನನ್ನ ಒಲವು ಮಾತ್ರ ವಾದಿ ಹನೀಫಾಕ್ಕೇ. ನಗರದ ಪಶ್ಚಿಮಕ್ಕೆ ಹರಿಯುವ ಈ ಕಣಿವೆಯನ್ನು ಒಂದು ಕಾಲದಲ್ಲಿ ಕಸ, ಕೊಳಚೆ ಸುರಿದು ಹಾಳುಗೆಡವಿದ್ದರು. ಆಮೇಲೆ ಅದೇ ನಗರದವರು ಕಸ ತೆಗೆದು, ನೀರನ್ನು ಕಲ್ಲು, ಪಾಚಿ, ಮೀನುಗಳಿಂದಲೇ ಶುದ್ಧಗೊಳಿಸುವ ಏರ್ಪಾಡು ಮಾಡಿದರು, ಖರ್ಜೂರ, ಜಾಲಿ ನೆಟ್ಟು ಕಾಲುದಾರಿ ಹಾಕಿದರು. 2010ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಚಳಿಗಾಲದ ಶುಕ್ರವಾರ ಬೆಳಿಗ್ಗೆ ಅಲ್ಲಿ ನಡೆದರೆ ರಿಯಾದ್ ಸಿಮೆಂಟಿನ ಊರು ಎಂಬ ಮಾತು ಮರೆತೇಹೋಗುತ್ತದೆ.

ಊರಾಚೆ ಹೋಗುವುದಾದರೆ ತುವೈಕ್ ಪ್ರಪಾತ ನೋಡಲೇಬೇಕು. ಸುಮಾರು 800 ಕಿಲೋಮೀಟರ್ ಉದ್ದದ ಸುಣ್ಣಕಲ್ಲಿನ ಗೋಡೆ ಅದು. ಕಾಲಡಿಯ ಕಲ್ಲಿನಲ್ಲಿ ಸಮುದ್ರಜೀವಿಗಳ ಪಳೆಯುಳಿಕೆ ಸಿಗುತ್ತದೆ, ಒಂದು ಕಾಲಕ್ಕೆ ಅಲ್ಲೆಲ್ಲ ಕಡಲಿತ್ತು. ಆ ಗೋಡೆಯ ಒಂದು ತುದಿಯನ್ನೇ ‘ಜಗತ್ತಿನ ಅಂಚು’ ಎಂದು ಎಲ್ಲರೂ ಕರೆಯುವುದು, ರಿಯಾದಿನಿಂದ ನೂರು ಕಿಲೋಮೀಟರಿನ ಒಳಗೇ. ದಾರಿಯ ಕೊನೆಯ ಭಾಗಕ್ಕೆ ಡಾಂಬರಿಲ್ಲ. ಒಂದೇ ಕಾರಿನಲ್ಲಿ ಹೋಗಬೇಡಿ, ಎರಡಾದರೂ ಇರಲಿ. ಮರಳಿಗೆ ಇಳಿಯುವ ಮುನ್ನ ಟೈರಿನ ಗಾಳಿ ಕಡಿಮೆ ಮಾಡಿ. ಎಲ್ಲಿಗೆ ಹೊರಟಿದ್ದೀರಿ, ಎಷ್ಟು ಹೊತ್ತಿಗೆ ಹಿಂತಿರುಗುತ್ತೀರಿ ಎಂದು ಊರಲ್ಲಿ ಒಬ್ಬರಿಗೆ ತಿಳಿಸಿರಿ. ಫೋನಿಗೆ ಸಿಗ್ನಲ್ ಇರುವುದಿಲ್ಲ. ಕತ್ತಲಾಗುವುದರೊಳಗೆ ಹೆದ್ದಾರಿ ಸೇರಿ, ರಾತ್ರಿ ರಸ್ತೆಗೆ ಅಡ್ಡ ಬರುವ ಒಂಟೆ ಹೆಡ್‌ಲೈಟಿಗೆ ಕಾಣುವುದೇ ಇಲ್ಲ, ಬೆಳಕು ಬೀಳುವುದು ಅದರ ಕಾಲಿಗೆ.

ಮರುಭೂಮಿಯಲ್ಲಿ ನೀರಿಗೆ ಹೆದರು ಎಂದರೆ ನಗುತ್ತೀಯೇನೋ. ಎಲ್ಲೋ ದೂರದ ಬೆಟ್ಟದಲ್ಲಿ ಸುರಿದ ಮಳೆ ನೀನು ನಿಂತ ಒಣ ಕಣಿವೆಗೆ ಗೋಡೆಯಂತೆ ನುಗ್ಗಿಬರುತ್ತದೆ. ವಾದಿ ಎಂದು ಕರೆಯುವ ಆ ತಗ್ಗಿನಲ್ಲಿ ಟೆಂಟು ಹಾಕಬೇಡ, ಹರಿವಿರುವಾಗ ಕಾರು ಇಳಿಸಬೇಡ. ಹಾಗೆ ದಾಟಿದವರಿಗೆ ಹತ್ತು ಸಾವಿರ ರಿಯಾಲ್‌ವರೆಗೂ ದಂಡ ಹಾಕುತ್ತಾರೆ, ಜೀವ ಉಳಿದಿದ್ದರೆ. 2009ರ ನವೆಂಬರ್‌ನಲ್ಲಿ ಜೆದ್ದಾದಂಥ ಮಹಾನಗರದಲ್ಲೇ ಒಂದು ಮಳೆಗೆ ನೂರಕ್ಕೂ ಹೆಚ್ಚು ಜನ ಸತ್ತರು.

ಮರಳಿನಲ್ಲಿ ಸೌದಿ ಕುಟುಂಬಗಳು ಬಟ್ಟೆಯ ಮರೆ ಕಟ್ಟಿಕೊಂಡು ಕೂತಿರುತ್ತವೆ. ಅಲ್ಲಿಂದ ದೂರ ಕಾರು ನಿಲ್ಲಿಸಿ, ಆ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಆ ಮರೆಯಿಂದಲೇ ಒಬ್ಬ ಹಿರಿಯ ಎದ್ದುಬಂದು ಕಹ್ವಾ ಎಂಬ ಅವರ ಕಾಫಿ ಕುಡಿಯಲು ಕರೆದರೆ ಒಂದು ಬಟ್ಟಲಾದರೂ ಕುಡಿದು ಬನ್ನಿ. ಬಟ್ಟಲು ಖಾಲಿಯಾದಂತೆಲ್ಲ ತುಂಬುತ್ತಲೇ ಇರುತ್ತಾರೆ. ಸಾಕು ಎನ್ನಲು ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಕೊಡಬೇಕು.

ಜೊತೆ ಸಿಗುವುದಿಲ್ಲ ಎಂಬ ಚಿಂತೆ ಬೇಡ. 1938ರಲ್ಲಿ ಕ್ವಾಲಾಲಂಪುರದಲ್ಲಿ ಬ್ರಿಟಿಷರು ಶುರುಮಾಡಿದ ಹ್ಯಾಷ್ ಎಂಬ ಓಟದ ಕೂಟ ರಿಯಾದಿನಲ್ಲೂ ಇದೆ. ಓಟಕ್ಕಿಂತ ಹರಟೆ ಹೆಚ್ಚು, ಆದರೆ ಮರಳುಗಾಡಿನ ದಾರಿ ಬಲ್ಲವರು. ನಿನ್ನ ಗಂಡನಿಗೆ ಶುಕ್ರವಾರದ ಮುಂಜಾನೆ ಖಾಲಿ ಸೈಟುಗಳಲ್ಲಿ ಕ್ರಿಕೆಟ್ ಸಿಗುತ್ತದೆ, ಭಟ್ಕಳದವರು, ಮಂಗಳೂರಿನವರು, ಪಾಕಿಸ್ತಾನದವರು ಎಲ್ಲ ಒಂದೇ ತಂಡದಲ್ಲಿ. ಊರಲ್ಲಿ ಹೆಂಡತಿ ಮಕ್ಕಳಿರುವ ಐವತ್ತರ ಗಂಡಸನ್ನೂ ಅಲ್ಲಿ ಬ್ಯಾಚುಲರ್ ಎಂದೇ ಕರೆಯುತ್ತಾರೆ, ನಗಬೇಡಿ. ಎಷ್ಟೋ ಪಾರ್ಕುಗಳಿಗೆ ಹೋಗಲು ಅವರಿಗೆ ಬಹುಕಾಲ ಅನುಮತಿಯೇ ಇರಲಿಲ್ಲ, ಆ ಖಾಲಿ ಸೈಟೇ ಅವರ ಪಾರ್ಕು.

ರಂಜಾನಿನಲ್ಲಿ ಹಗಲು ಹೊರಗೆ ನೀರಿನ ಬಾಟಲಿ ಬಾಯಿಗೆ ಇಡುವಂತಿಲ್ಲ, ಹೊರಗಿನವರಿಗೂ ಅದೇ ಕಟ್ಟು. ಆ ತಿಂಗಳು ಓಟವನ್ನೆಲ್ಲ ರಾತ್ರಿಗೆ ದಾಟಿಸು. ಇಕಾಮಾ, ಅಂದರೆ ನಿನ್ನ ವಾಸದ ಪರವಾನಗಿ, ಯಾವಾಗಲೂ ಜೇಬಿನಲ್ಲಿರಲಿ, ಓಡುವಾಗಲೂ.

ಬೂಟು ಇಲ್ಲಿಂದಲೇ ಎರಡು ಜೊತೆ ಕೊಂಡುಹೋಗು ಎನ್ನುತ್ತಿದ್ದಾಳಂತೆ ನಿನ್ನ ಅಮ್ಮ. ಬೇಡ, ಅಲ್ಲಿ ಎಲ್ಲ ಸಿಗುತ್ತದೆ. ಆ ಜಾಗದಲ್ಲಿ ಒಣಗಿಸಿದ ಪುನರ್ಪುಳಿ ಸಿಪ್ಪೆ ತುಂಬಿಕೋ. ಓಡಿಬಂದ ಮೇಲೆ ಉಪ್ಪು ಬೆಲ್ಲ ಹಾಕಿ ಕುಡಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಅತ್ತೆ ಪಾಯಸಕ್ಕೆಂದು ಗಸಗಸೆ ಕಟ್ಟಿಕೊಟ್ಟರೆ ಮಾತ್ರ ಮನೆಯಲ್ಲೇ ಬಿಟ್ಟು ಹೊರಡು, ಆ ದೇಶದ ಕಸ್ಟಮ್ಸ್‌ನವರ ಕಣ್ಣಿಗೆ ಅದು ಮಾದಕ ವಸ್ತು.