ಉಳುಕಿದ ಕಾಲಿಗೆ ಆತುರ ಬೇಡ

ಮಕ್ಕಳೇ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಾಲಾ ಮೈದಾನಗಳಲ್ಲಿ ನೀವು ಕಬಡ್ಡಿ, ಖೋ ಖೋ, ಫುಟ್‌ಬಾಲ್ ಆಡುತ್ತೀರಿ ಅಲ್ಲವೇ? ಓಡುವಾಗ ತಟ್ಟನೆ ತಿರುಗಿದರೆ ಕೆಲವೊಮ್ಮೆ ಮೊಣಕಾಲು ಉಳುಕುತ್ತದೆ. ಆಗ ಒಳಗೆ ಏನಾಗುತ್ತದೆ?

ಮೂಳೆಯನ್ನು ಎಳೆದು ಚಲನೆ ಉಂಟುಮಾಡುವುದು ಸ್ನಾಯು. ಸ್ನಾಯುವನ್ನು ಮೂಳೆಗೆ ಸೇರಿಸುವುದು ಸ್ನಾಯುರಜ್ಜು. ಒಂದು ಮೂಳೆಯನ್ನು ಇನ್ನೊಂದಕ್ಕೆ ಬಿಗಿಯುವ ಗಟ್ಟಿ ಪಟ್ಟಿ ಅಸ್ಥಿರಜ್ಜು, ಇದೇ ಲಿಗಮೆಂಟ್. ಸ್ನಾಯುವಿಗೆ ರಕ್ತ ಹೆಚ್ಚು ಹರಿಯುತ್ತದೆ. ಆದ್ದರಿಂದ ಅದರ ಸಣ್ಣ ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ಅಸ್ಥಿರಜ್ಜುವಿಗೆ ರಕ್ತ ಕಡಿಮೆ. ಅದು ಮಾಯುವುದು ನಿಧಾನ. ಮೊಣಕಾಲಿನ ನಡುವಿನ ಅಸ್ಥಿರಜ್ಜು ಪೂರ್ತಿ ಹರಿದರೆ ತಾನಾಗಿ ಕೂಡುವುದು ಕಷ್ಟ. ಆಗ ವೈದ್ಯರು ಸಾಮಾನ್ಯವಾಗಿ ಆಟಗಾರನದೇ ಸ್ನಾಯುರಜ್ಜುವಿನ ತುಂಡನ್ನು ಅಲ್ಲಿ ಜೋಡಿಸುತ್ತಾರೆ.

ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ನೇಮರ್‌ಗೆ 2023ರ ಅಕ್ಟೋಬರ್‌ನಲ್ಲಿ ಹೀಗಾಯಿತು. ಮತ್ತೆ ಮೈದಾನಕ್ಕಿಳಿಯಲು ಅವರಿಗೆ ಒಂದು ವರ್ಷ ಬೇಕಾಯಿತು. ನಮ್ಮ ಕರ್ನಾಟಕದ ಕ್ರಿಕೆಟಿಗ ಕೆ.ಎಲ್. ರಾಹುಲ್ ಅವರ ತೊಡೆಯ ಸ್ನಾಯುರಜ್ಜು 2023ರ ಮೇ ತಿಂಗಳಲ್ಲಿ ಹರಿಯಿತು. ಶಸ್ತ್ರಚಿಕಿತ್ಸೆಯಾಯಿತು. ಬಳಿಕ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಹಂತಹಂತವಾಗಿ ವ್ಯಾಯಾಮ ಮಾಡಿದರು. ಸೆಪ್ಟೆಂಬರ್‌ನಲ್ಲಿ ಮರಳಿ ಬಂದು ಪಾಕಿಸ್ತಾನದ ಎದುರು ಔಟಾಗದೆ 111 ರನ್ ಗಳಿಸಿದರು.

ನೋವು ನಿಂತ ಮಾತ್ರಕ್ಕೆ ಗಾಯ ಮಾಯಿತೆಂದಲ್ಲ. ಹೊಸ ನಾರುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಅದಕ್ಕೆ ಮೊದಲೇ ಆಡಿದರೆ ಮತ್ತೆ ಹರಿಯಬಹುದು.

ಕಾಲು ಉಳುಕಿದರೆ ಹೀಗೆ ಮಾಡಿ: ತಕ್ಷಣ ಆಟ ನಿಲ್ಲಿಸಿ. ತಣ್ಣೀರಿನ ಬಟ್ಟೆ ಇಡಿ. ಕಾಲನ್ನು ಎತ್ತರದಲ್ಲಿರಿಸಿ. ತಿಕ್ಕಬೇಡಿ, ಎಳೆಯಬೇಡಿ. ಶಿಕ್ಷಕರಿಗೆ ತಿಳಿಸಿ. ಊದಿಕೊಂಡರೆ ಅಥವಾ ಕಾಲೂರಲು ಆಗದಿದ್ದರೆ ವೈದ್ಯರಿಗೆ ತೋರಿಸಿ.