ಬೈಸಿಕಲ್ಲಿನ ಒಳಹಗೆ

ಶಾಲೆಯಿಂದ ದೂರವಿರುವ ಹಳ್ಳಿಗಳ ಮಕ್ಕಳಿಗೆ ವಿದ್ಯೆಯ ದಾರಿಯನ್ನು ಹತ್ತಿರಮಾಡಿದ ವಾಹನ ಬೈಸಿಕಲ್ಲು. ಇದನ್ನು ಮನಗಂಡೇ ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಬೈಸಿಕಲ್ಲು ನೀಡುವ ಯೋಜನೆಯನ್ನು ಆರಂಭಿಸಿತು. ಉಕ್ಕಿನ ಬೈಸಿಕಲ್ಲನ್ನು ಜೋಪಾನಮಾಡಿದರೆ ಅಣ್ಣನ ತರುವಾಯ ತಂಗಿಯೂ ಅದನ್ನೇರಿ ಶಾಲೆಗೆ ಹೋಗಬಹುದು. ಅದಕ್ಕೆ ಅಡ್ಡಬರುವ ಹಗೆಯೊಂದುಂಟು, ಅದೇ ತುಕ್ಕು.

ಕಬ್ಬಿಣವು ಗಾಳಿಯ ಆಮ್ಲಜನಕದೊಡನೆಯೂ ನೀರಿನೊಡನೆಯೂ ಕೂಡಿದಾಗ ತುಕ್ಕು ಹುಟ್ಟುತ್ತದೆ. ಉಪ್ಪು ಬೆರೆತರೆ ಈ ಕ್ರಿಯೆ ಇನ್ನೂ ಬಿರುಸಾಗುತ್ತದೆ. ಆದುದರಿಂದಲೇ ಕರಾವಳಿಯಲ್ಲಿ ತುಕ್ಕಿನ ಕಾಟ ಹೆಚ್ಚು. ಅಲ್ಯೂಮಿನಿಯಮ್ಮಿನ ಮೇಲೆ ಮೂಡುವ ಆಕ್ಸೈಡು ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ಅದನ್ನು ಕವಚದಂತೆ ಕಾಯುತ್ತದೆ. ತುಕ್ಕಾದರೋ ಉಬ್ಬಿ, ಹಕ್ಕಳೆಗಟ್ಟಿ ಉದುರುತ್ತದೆ. ಅಡಿಯ ಕಬ್ಬಿಣ ಮತ್ತೆ ತೇವಕ್ಕೆ ಈಡಾಗುತ್ತದೆ.

ಬೈಸಿಕಲ್ಲಿನ ಚೌಕಟ್ಟು ಟೊಳ್ಳು ಕೊಳವೆಗಳಿಂದಾದುದು. ಕೊಳವೆಯ ಗೋಡೆ ಸಾಮಾನ್ಯವಾಗಿ ಎರಡು ಮಿಲಿಮೀಟರಿಗಿಂತ ದಪ್ಪವಿರದು. ಹೊರಗೆ ಬಣ್ಣದ ರಕ್ಷೆಯಿದೆ. ಒಳಗೆ ಬಹುಮಟ್ಟಿಗೆ ಬರಿಯ ಉಕ್ಕು. ಮಳೆಯ ನೀರು ಸೀಟಿನ ದಂಡ ಇಳಿಯುವ ಸಂದಿನಿಂದ ಒಳನುಸುಳಿ, ಪೆಡಲಿನ ಅಚ್ಚು ತಿರುಗುವ ಗೂಡಿನಲ್ಲಿ ಮಡುಗಟ್ಟುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ಗೋಡೆ ಸವೆಯುತ್ತಿರುತ್ತದೆ. ಇಳಿಜಾರಿನಲ್ಲಿ ವೇಗವಾಗಿ ಸಾಗುವಾಗ ಅಂಥ ಕೊಳವೆ ಮುರಿದರೆ ಸವಾರನ ಪ್ರಾಣಕ್ಕೇ ಅಪಾಯ.

ರಕ್ಷಣೆಯ ಉಪಾಯ ಕಠಿಣವೂ ಅಲ್ಲ, ದುಬಾರಿಯೂ ಅಲ್ಲ. ನೆನೆದ ಬೈಸಿಕಲ್ಲನ್ನು ಒಣಬಟ್ಟೆಯಿಂದ ಒರಸಿ ಸೂರಿನಡಿ ನಿಲ್ಲಿಸಬೇಕು. ಬಣ್ಣ ಕಿತ್ತುಹೋದೆಡೆ ಮರಳುಕಾಗದದಿಂದ ತುಕ್ಕನ್ನು ಪೂರ್ತಿಯಾಗಿ ಉಜ್ಜಿ ತೆಗೆದು, ರೆಡ್ ಆಕ್ಸೈಡ್ ಬಳಿದು, ಅದು ಒಣಗಿದ ಮೇಲೆ ಬಣ್ಣ ಹಚ್ಚಬೇಕು. ತುಕ್ಕಿನ ಮೇಲೆಯೇ ಬಳಿದ ಬಣ್ಣ, ತೊಳೆಯದ ಗಾಯಕ್ಕೆ ಕಟ್ಟಿದ ಪಟ್ಟಿಯಂತೆ. ಮಳೆಗಾಲಕ್ಕೆ ಮುನ್ನ ಸೀಟಿನ ದಂಡವನ್ನು ಹೊರತೆಗೆದು, ಬೈಸಿಕಲ್ಲನ್ನು ತಲೆಕೆಳಗಾಗಿಸಿ, ನಿಂತ ನೀರನ್ನು ಬಸಿಯಬೇಕು. ಕೊಳವೆ ಒಣಗಿದ ಬಳಿಕ, ಬಣ್ಣದಂಗಡಿಯಲ್ಲಿ ದೊರೆಯುವ ಅಗಸೆ ಎಣ್ಣೆಯನ್ನು ಒಳಗೆ ಸುರಿದು, ಎಲ್ಲೆಡೆಗೂ ತಗಲುವಂತೆ ಹೊರಳಿಸಿ, ಮಿಕ್ಕುದನ್ನು ಬಸಿದುಬಿಡಬೇಕು. ಆ ಎಣ್ಣೆ ಒಣಗಿ ತೆಳುವಾದ ಪೊರೆಯಾಗುತ್ತದೆ. ಎಣ್ಣೆ ಒರಸಿದ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಇಡಬಾರದು. ಅದಕ್ಕೆ ತಾನಾಗಿಯೇ ಬೆಂಕಿ ಹತ್ತುವುದುಂಟು. ಬಯಲಿನಲ್ಲಿ ಹರಡಿ ಒಣಗಿಸಬೇಕು. ಕೊನೆಗೆ ದಂಡಕ್ಕೆ ಗ್ರೀಸ್ ಸವರಿ ಮರಳಿ ಕೂಡಿಸಬೇಕು.

ದೆಹಲಿಯ ಮೆಹರೌಲಿಯಲ್ಲಿರುವ ಕಬ್ಬಿಣದ ಸ್ತಂಭ ಸುಮಾರು 1,600 ವರ್ಷಗಳಷ್ಟು ಹಳೆಯದು. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿರುವುದರಿಂದ ಮೈಮೇಲೆ ಮೂಡಿದ ತೆಳುಪೊರೆಯೊಂದು ಅದನ್ನು ಕಾಪಾಡಿದೆ. ನಮ್ಮ ಬೈಸಿಕಲ್ಲಿಗೆ ಅಂಥ ಪೊರೆ ತಾನಾಗಿ ಬಾರದು. ಅದನ್ನು ಏರುವವನ ಕೈಯೇ ಅದಕ್ಕೆ ಪೊರೆಯಾಗಬೇಕು.